ಬೆಟ್ಟದ ಹಳೆಯ ಮೆಟ್ಟಿಲುಗಳು: ಹೊಸದು ಹಾಕಿಸುವ ಮುನ್ನ ತಿಳಿಯಬೇಕಾದದ್ದು

ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕಡೆಯವರಿಗೆ ಕಲ್ಲುಬೆಟ್ಟ ಹೊಸದಲ್ಲ. ಚಿಂತಾಮಣಿಯ ಸುತ್ತಲೇ ಅಂಬಾಜಿದುರ್ಗ, ಕೈಲಾಸಗಿರಿ, ಕೈವಾರದ ಬೆಟ್ಟಗಳಿವೆ. ನಂದಿ ಬೆಟ್ಟಕ್ಕೆ ಸುಲ್ತಾನ್‌ಪೇಟೆ ಕಡೆಯಿಂದ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳ ಹಳೆಯ ದಾರಿ ಇದೆ. ನಂದಿಯ ಪಕ್ಕದ ಗೋಪಿನಾಥ ಬೆಟ್ಟದಲ್ಲಿ ಸುಮಾರು 8ನೇ ಶತಮಾನದ ಜೈನ ಶಾಸನವಿದ್ದು, ಅಲ್ಲಿ ಅರ್ಹಂತರ ಚೈತ್ಯಾಲಯವಿದ್ದುದನ್ನು ತಿಳಿಸುತ್ತದೆ. ಇಂದು ಹೆಚ್ಚಿನವರು ನಂದಿ ಬೆಟ್ಟವನ್ನು ವಾಹನದಲ್ಲೇ ಹತ್ತುತ್ತಾರೆ. ರೋಪ್‌ವೇ ಯೋಜನೆಗೂ 2023ರಲ್ಲಿ ಶಂಕುಸ್ಥಾಪನೆ ಆಗಿದೆ.

ವಾಹನ, ರೋಪ್‌ವೇ ತಪ್ಪಲ್ಲ. ಆದರೆ ಜನ ನಡೆಯುವುದನ್ನು ಬಿಟ್ಟ ಮೆಟ್ಟಿಲನ್ನು ಗಿಡಗಂಟಿ ಬೇಗ ಆವರಿಸುತ್ತದೆ. ಜನ ಹೆಚ್ಚು ನಡೆಯುವ ಕಡೆ ಬೇರೆ ತೊಂದರೆ: ಭಕ್ತಿಯಿಂದ ಕೊಟ್ಟ ಹಣದಲ್ಲೇ ಹಳೆಯ ಮೆಟ್ಟಿಲು ಸಿಮೆಂಟಿನಡಿ ಮುಚ್ಚಿಹೋಗುತ್ತದೆ. ಬಸದಿ, ಬಿಂಬ, ಮಾನಸ್ತಂಭಗಳ ರಕ್ಷಣೆಗೆ ತೋರುವ ಕಾಳಜಿ ಮೆಟ್ಟಿಲಿಗೆ ಸಿಗುವುದು ಅಪರೂಪ. "ಅದು ಬರೀ ದಾರಿ ತಾನೆ" ಎಂಬ ಭಾವನೆ ಇದಕ್ಕೆ ಕಾರಣ.

ಮೆಟ್ಟಿಲೂ ಧರ್ಮಕಾರ್ಯವೇ

ನಮ್ಮ ಪೂರ್ವಿಕರು ಹಾಗೆ ಎಣಿಸಿರಲಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನೇ ನೋಡಬಹುದು. ನೆಲಮಟ್ಟದಿಂದ ಸುಮಾರು 470 ಅಡಿ ಎತ್ತರದ ಈ ಬೆಟ್ಟಕ್ಕೆ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳಿವೆ. ಮೇಲೆ ಸಾಗುವಾಗ ಸಿಗುವ ಅಖಂಡ ಬಾಗಿಲು ಒಂದೇ ಬಂಡೆಯಲ್ಲಿ ಕೊರೆದದ್ದು. ಅದರ ಎರಡು ಬದಿಗೆ ಭರತ ಮತ್ತು ಬಾಹುಬಲಿಯ ಚಿಕ್ಕ ಗುಡಿಗಳಿವೆ. ಅವನ್ನು ಸುಮಾರು 1130ರಲ್ಲಿ ಮಾಡಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಭರತಮಯ್ಯ. ಅವನ ಧರ್ಮಕಾರ್ಯಗಳನ್ನು ಹೇಳುವ ಶಾಸನ ಈ ಮೂರ್ತಿಗಳ ಜೊತೆಗೆ ದೊಡ್ಡ ಸೋಪಾನಪಂಕ್ತಿಯನ್ನೂ, ಅಂದರೆ ಮೆಟ್ಟಿಲ ಸಾಲನ್ನೂ, ಹೆಸರಿಸುತ್ತದೆ. ಅವನು ಗಂಗವಾಡಿಯಲ್ಲಿ 80 ಹೊಸ ಬಸದಿಗಳನ್ನು ಕಟ್ಟಿಸಿ, 200 ಹಳೆಯ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದನೆಂದೂ ಶಾಸನದಲ್ಲಿದೆ.

ಈ ಲೆಕ್ಕವನ್ನು ಗಮನಿಸಬೇಕು. ಹೊಸದು 80, ಹಳೆಯದನ್ನು ಉಳಿಸಿದ್ದು 200. ಜೀರ್ಣೋದ್ಧಾರದ ಪುಣ್ಯ ದೊಡ್ಡದೆಂದು ಹಿರಿಯರು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಅದೇ ಬೆಟ್ಟದ ಮೇಲಿನ ಒದೆಗಲ್ ಬಸದಿಯ ಹೆಸರೂ ಒಂದು ಪಾಠ. ಗೋಡೆಗಳಿಗೆ ಆಸರೆಯಾಗಿ ಓರೆಯಾಗಿ ನಿಲ್ಲಿಸಿದ ಉದ್ದನೆಯ ಕಲ್ಲುಗಳೇ ಒದೆಗಲ್ಲು. ಹಿಂದಿನವರು ಬಸದಿಯನ್ನು ಕೆಡವಿ ಹೊಸದು ಕಟ್ಟಲಿಲ್ಲ, ಒದೆಗಲ್ಲು ಕೊಟ್ಟು ಉಳಿಸಿಕೊಂಡರು.

ಮೆಟ್ಟಿಲು ಹಾಳಾಗುವುದು ಹೇಗೆ

ನಮ್ಮ ಬೆಟ್ಟಗಳ ಕಲ್ಲು ಹೆಚ್ಚಾಗಿ ಗ್ರಾನೈಟ್. ಅದು ಬಲು ಗಟ್ಟಿ. ಅದು ಹಾಳಾಗಲು ಮುಖ್ಯ ಕಾರಣಗಳು ನಾಲ್ಕು.

ಮೊದಲನೆಯದು ನೀರು. ಚಪ್ಪಡಿ ಜೋಡಿಸಿ ಮಾಡಿದ ಮೆಟ್ಟಿಲುಗಳಲ್ಲಿ ಪಕ್ಕದ ಚರಂಡಿ ಮುಚ್ಚಿದರೆ ಮಳೆನೀರು ಮೆಟ್ಟಿಲಿನ ಮೇಲೆಯೇ ಹರಿಯುತ್ತದೆ. ಅಡಿಯ ಮಣ್ಣು ಕೊಚ್ಚಿಹೋಗಿ ಚಪ್ಪಡಿ ಅಲುಗಾಡುತ್ತದೆ. ಪಾಚಿ ಕಟ್ಟಿ ಕಾಲು ಜಾರುತ್ತದೆ.

ಎರಡನೆಯದು ಬೇರು. ಸಂದಿಯಲ್ಲಿ ಹುಟ್ಟಿದ ಅರಳಿ, ಆಲದ ಸಸಿ ಮೊದಲ ವರ್ಷ ಕೈಯಲ್ಲಿ ಕಿತ್ತರೆ ಬರುತ್ತದೆ. ಹತ್ತು ವರ್ಷ ಬಿಟ್ಟರೆ ಅದೇ ಬೇರು ಚಪ್ಪಡಿಯನ್ನು ಎತ್ತುತ್ತದೆ.

ಮೂರನೆಯದು ಕಬ್ಬಿಣ. ಕೈಹಿಡಿಗಾಗಿ ಬಂಡೆಗೆ ತೂತು ಕೊರೆದು ಸಾಧಾರಣ ಕಬ್ಬಿಣದ ಕಂಬಿ ನೆಡುತ್ತಾರೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ, ಒಳಗಿನಿಂದಲೇ ಕಲ್ಲನ್ನು ಸೀಳುತ್ತದೆ.

ನಾಲ್ಕನೆಯದು ಸಿಮೆಂಟು ಮತ್ತು ಟೈಲ್ಸ್. ಸವೆದ ಮೆಟ್ಟಿಲಿನ ಮೇಲೆ ಬಳಿದ ತೆಳು ಸಿಮೆಂಟು ಬಿಸಿಲು ಮಳೆಗೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ನಿಂತು ಸಿಮೆಂಟು ತುಂಡುತುಂಡಾಗಿ ಏಳುತ್ತದೆ, ಎಡವಿ ಬೀಳುವವರು ಹೆಚ್ಚುತ್ತಾರೆ. ಪಾಲಿಶ್ ಮಾಡಿದ ಹೊಸ ಗ್ರಾನೈಟ್ ನೋಡಲು ಚೆಂದ, ಆದರೆ ಮಳೆಯಲ್ಲಿ ಬರಿಗಾಲಿಗೆ ಅಪಾಯ.

ವಯಸ್ಸಾದವರ ಪ್ರಶ್ನೆ

"ಕಲ್ಲು ಉಳಿಸಿ ಎನ್ನುತ್ತೀರಿ, ಮಂಡಿನೋವಿನ ಅಜ್ಜಿ ದರ್ಶನ ಮಾಡುವುದು ಹೇಗೆ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ವಿಂಧ್ಯಗಿರಿಯಲ್ಲಿ ಹತ್ತಲಾಗದವರಿಗೆ ಡೋಲಿ ವ್ಯವಸ್ಥೆ ಇದೆ. ಗುಜರಾತಿನ ಗಿರ್ನಾರಿನಲ್ಲಿ ಸುಮಾರು 10,000 ಮೆಟ್ಟಿಲುಗಳಿದ್ದು, 2020ರ ಅಕ್ಟೋಬರಿನಲ್ಲಿ ರೋಪ್‌ವೇ ಆರಂಭವಾಯಿತು. ಹತ್ತಲಾಗದವರಿಗೆ ಇನ್ನೊಂದು ದಾರಿ ಸಿಕ್ಕಿತು, ಹಳೆಯ ಮೆಟ್ಟಿಲೂ ಉಳಿದಿದೆ. ಒಂದಕ್ಕಾಗಿ ಇನ್ನೊಂದನ್ನು ಕಳೆದುಕೊಳ್ಳಬೇಕಾಗಿಲ್ಲ.

ಕೈಹಿಡಿ ಬೇಕೇ ಬೇಕು. ಅದನ್ನು ತುಕ್ಕು ಹಿಡಿಯದ ಲೋಹದಲ್ಲಿ, ಸಾಧ್ಯವಾದಷ್ಟು ಹಳೆಯ ಕಲ್ಲಿಗೆ ತೂತು ಹಾಕದೆ ಪಕ್ಕದಲ್ಲಿ ನಿಲ್ಲಿಸಬಹುದು. ಅಲ್ಲಲ್ಲಿ ಕೂರಲು ಕಟ್ಟೆ, ಕುಡಿಯಲು ಶೋಧಿಸಿದ ನೀರು, ಬಿಸಿಲಿಗೆ ಹಾಸಿ ಮತ್ತೆ ಎತ್ತಿಡಬಹುದಾದ ನಾರಿನ ಹಾಸು ಇದ್ದರೆ ಮೆಟ್ಟಿಲನ್ನು ಬದಲಿಸದೆಯೇ ಹಿರಿಯರಿಗೆ ಅನುಕೂಲವಾಗುತ್ತದೆ. ಬೇಡವೆಂದಾಗ ತೆಗೆಯಬಹುದಾದ ಸೌಲಭ್ಯವೇ ಒಳ್ಳೆಯ ಸೌಲಭ್ಯ.

ಅಮೆರಿಕದ ಪಿಟ್ಸ್‌ಬರ್ಗ್ ಗುಡ್ಡಗಳ ನಗರ. ಅಲ್ಲಿ ಸುಮಾರು 800 ಸಾರ್ವಜನಿಕ ಮೆಟ್ಟಿಲುದಾರಿಗಳಿವೆ. ನಗರಾಡಳಿತ ಅವನ್ನು ಪಟ್ಟಿ ಮಾಡಿ, ಜನರಿಗೆ ಯಾವುದು ಹೆಚ್ಚು ಅಗತ್ಯ ಎಂದು ನೋಡಿ ದುರಸ್ತಿಯ ಸರದಿ ನಿಗದಿ ಮಾಡುತ್ತದೆ. ಒಂದೇ ದಾರಿಯ ನಾಲ್ಕೈದು ನೂರು ಮೆಟ್ಟಿಲಿನ ಪಟ್ಟಿ ಮಾಡುವುದು ನಮ್ಮ ಯಾವ ಕ್ಷೇತ್ರಕ್ಕೂ ಕಷ್ಟವಲ್ಲ.

ಕುಟುಂಬಗಳು, ಸಮಿತಿಗಳು ಮಾಡಬಹುದಾದದ್ದು

ಮೊದಲು ಆ ಜಾಗ ಯಾರ ರಕ್ಷಣೆಯಲ್ಲಿದೆ ಎಂದು ತಿಳಿಯಬೇಕು. ಕೇಂದ್ರ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾದರೆ ಅನುಮತಿಯಿಲ್ಲದೆ ಒಂದು ಕಲ್ಲನ್ನೂ ಕದಲಿಸುವಂತಿಲ್ಲ. ಅದರ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಬಂಡೆಯ ಮೇಲೆ ಹೆಸರು ಕೆತ್ತುವ ಮಕ್ಕಳಿಗೆ ಇದನ್ನು ಮನೆಯಲ್ಲೇ ಹೇಳಿಕೊಡಬೇಕು.

ರಕ್ಷಣೆಯ ಪಟ್ಟಿಯಲ್ಲಿಲ್ಲದ ಚಿಕ್ಕ ಬೆಟ್ಟಗಳಲ್ಲಿ ಹೊಣೆಯೆಲ್ಲ ಸಮಿತಿಯದು. ಮಳೆಗಾಲಕ್ಕೆ ಮುನ್ನ ಚರಂಡಿ ತೆರವು, ಸಸಿಗಳನ್ನು ಎಳೆಯದಿರುವಾಗಲೇ ಕೀಳುವುದು, ಅಲುಗುವ ಚಪ್ಪಡಿಯನ್ನು ಎತ್ತಿ ಅಡಿ ಭದ್ರಪಡಿಸಿ ಅದೇ ಕಲ್ಲನ್ನು ಅದೇ ಜಾಗದಲ್ಲಿ ಕೂರಿಸುವುದು: ಈ ಮೂರು ಕೆಲಸ ವರ್ಷವರ್ಷ ನಡೆದರೆ ದೊಡ್ಡ ದುರಸ್ತಿ ಬೀಳುವುದೇ ಕಡಿಮೆ. ಮುರಿದ ಕಲ್ಲಿಗೆ ಬದಲಿ ಬೇಕಾದರೆ ಅದೇ ಜಾತಿಯ, ಉಳಿಯಿಂದ ಒರಟಾಗಿ ಕಡೆದ ಕಲ್ಲನ್ನೇ ತರಿಸಬೇಕು. ಪಾಚಿ ತೆಗೆಯಲು ಆಸಿಡ್ ಸುರಿಯಬಾರದು. ಅದು ಕಲ್ಲಿಗೂ ಕೇಡು, ಸಂದಿಯಲ್ಲಿರುವ ಜೀವಿಗಳಿಗೂ ಹಿಂಸೆ. ನೆಲ ನೋಡಿ ನಡೆಯುವ ಈರ್ಯಾಸಮಿತಿಯನ್ನು ಹೇಳುವ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ದಾನದ ಮಾತು. ಹಿರಿಯರ ನೆನಪಿಗೆ ಹೊಸ ಮೆಟ್ಟಿಲು ಹಾಕಿಸಿ ಹೆಸರು ಬರೆಸುವುದು ರೂಢಿಯಲ್ಲಿದೆ. ಚರಂಡಿ ತೆರವಿಗೆ, ಚಪ್ಪಡಿ ಕೂರಿಸುವುದಕ್ಕೆ ಹೆಸರು ಬರೆಸುವವರಿಲ್ಲ, ಆದ್ದರಿಂದಲೇ ಅದಕ್ಕೆ ಹಣ ಸಿಗುವುದಿಲ್ಲ. ದಾನಿಗಳ ಫಲಕವನ್ನು ಬೆಟ್ಟದ ಬುಡದಲ್ಲಿ ಒಂದೇ ಕಡೆ ಹಾಕಿ, ವರ್ಷದ ನಿರ್ವಹಣೆಗೆ ಕೊಟ್ಟವರ ಹೆಸರನ್ನೂ ಅಲ್ಲೇ ಸೇರಿಸಿದರೆ ಈ ತೊಡಕು ಬಗೆಹರಿಯುತ್ತದೆ. ಮುಂದಿನ ಸಲ ದಾನದ ರಸೀದಿ ಬರೆಸುವಾಗ ಕುಟುಂಬದವರು ಒಂದು ಮಾತು ಕೇಳಲಿ: "ಈಗಿರುವ ಮೆಟ್ಟಿಲನ್ನು ಸರಿಮಾಡಲು ಎಷ್ಟು ಬೇಕು?"