ಚಳಿಗಾಲ, ಅವರೆಕಾಳು ಮತ್ತು ನಾವು

ಡಿಸೆಂಬರ್ ಬಂತೆಂದರೆ ಹಳೇ ಮೈಸೂರು ಕಡೆಯ ನಮ್ಮ ಮನೆಗಳಲ್ಲೆಲ್ಲ ಅವರೆಕಾಯಿಯದೇ ಸೊಗಡು. ಚಳಿಗಾಲದಲ್ಲೇ ಯಾಕೆ? ಹಗಲು ಕಿರಿದಾಗುತ್ತಾ ಬಂದಾಗಲೇ ಹೂ ಬಿಡೋದು ನಾಟಿ ಅವರೆ ಗಿಡದ ಸ್ವಭಾವ. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅಂತಾರೆ ನಮ್ಮ ಅಜ್ಜಿಯರು.

ಕಾಳನ್ನು ರಾತ್ರಿ ನೆನೆಸಿಟ್ಟರೆ ಸಿಪ್ಪೆ ಸಡಿಲವಾಗುತ್ತದೆ. ಬೆಳಿಗ್ಗೆ ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪಟಕ್ಕನೆ ಜಾರುತ್ತೆ. ಅದೇ ಹಿತಕಿದ ಬೇಳೆ. ಒಂದು ಹೊತ್ತಿನ ಸಾರಿಗೆ ನೂರಾರು ಕಾಳು! ಒಬ್ಬರ ಕೈಲಾಗುವ ಕೆಲಸವಲ್ಲ. ಹಾಗಾಗಿ ಓದುತ್ತಿದ್ದ ಕಾದಂಬರಿ ಮಗುಚಿಟ್ಟು ನಾವೂ ಪಾತ್ರೆ ಸುತ್ತ ಕೂರುತ್ತೇವೆ. ಅಪ್ಪನಿಗೆ ಫೋನಲ್ಲಿ ಹೇಳಲಾಗದ ಬ್ಯಾಕ್‌ಲಾಗ್ ವಿಷಯ ಬಾಯಿಗೆ ಬರೋದೂ ಅಲ್ಲೇ. ಎಲ್ಲರ ಕಣ್ಣೂ ಕಾಳಿನ ಮೇಲೇ ಇರುತ್ತಲ್ಲ!

ಈಗ ಹಿತಕಿದ ಬೇಳೆ ಪ್ಯಾಕೆಟ್‌ನಲ್ಲೇ ಸಿಗುತ್ತೆ. ಸಾರೂ ರುಚಿಯೇ. ಆದರೆ ಎಲ್ಲರೂ ಒಟ್ಟಿಗೆ ಕೂರೋಕೆ ನೆಪ ಇರಲ್ಲ. ಸಂಕ್ರಾಂತಿಗೆ ಊರಿಗೆ ಹೋದಾಗ ಮೊಬೈಲ್ ಬದಿಗಿಟ್ಟು ಎರಡು ಹಿಡಿ ಕಾಳು ಹಿತಕೋಣ.