ಪಾದದ ಗಂಟಿನ ಆಪರೇಷನ್ ನಂತರದ ಊತ: ಯಾವುದು ಸಹಜ, ಯಾವುದು ಅಪಾಯ?

ಬೈಕಿನಿಂದ ಬಿದ್ದೋ ಬಚ್ಚಲಲ್ಲಿ ಜಾರಿಯೋ ಪಾದದ ಗಂಟಿನ ಮೂಳೆ ಮುರಿದು, ಪ್ಲೇಟು-ಸ್ಕ್ರೂ ಹಾಕಿಸಿಕೊಂಡು ಬಂದವರ ಮನೆಯವರು ನನ್ನಲ್ಲಿ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: “ಡಾಕ್ಟ್ರೇ, ಊತ ಇಳಿಯುತ್ತಿಲ್ಲ, ಯಾವ ಎಣ್ಣೆ ಹಚ್ಚಿ ತಿಕ್ಕಬೇಕು?” ಎಣ್ಣೆಯ ಮಾತು ಆಮೇಲೆ. ಮೊದಲು ಊತ ಎಂಥದೆಂದು ನೋಡಬೇಕು.

ಕೊಯ್ದ ಜಾಗಕ್ಕೆ ರಕ್ತ, ನೀರಿನಂಶ ಹರಿದು ಬರುವುದು ಗಾಯ ಮಾಯುವ ಕ್ರಮ. ಪಾದ ದೇಹದ ತೀರಾ ಕೆಳಗಿರುವುದರಿಂದ ಅದು ಮತ್ತೆ ಮೇಲೇರುವುದು ನಿಧಾನ. ಆದ್ದರಿಂದ ಮೊದಲ 2-3 ದಿನ ಊತ ಹೆಚ್ಚಿ, ಮುಂದಿನ ವಾರಗಳಲ್ಲಿ ಇಳಿಯುತ್ತದೆ. ಪೂರ್ತಿ ಹೋಗಲು 3ರಿಂದ 6 ತಿಂಗಳು, ಕೆಲವರಿಗೆ ವರ್ಷವೇ ಹಿಡಿಯುತ್ತದೆ. ಬೆಳಿಗ್ಗೆ ಸಡಿಲವಾಗಿದ್ದ ಚಪ್ಪಲಿ ಸಂಜೆ ಬಿಗಿಯಾದರೆ ಗಾಬರಿ ಬೇಡ. ಕಾಲೆತ್ತಿ ಮಲಗಿದಾಗ ಇಳಿಯುವ ಊತ ಸಾಮಾನ್ಯವಾಗಿ ಸಹಜವಾದದ್ದೇ.

ಎತ್ತುವುದೆಂದರೆ ಮಲಗಿ, ದಿಂಬುಗಳ ಮೇಲೆ ಪಾದವನ್ನು ಎದೆಗಿಂತ ಎತ್ತರದಲ್ಲಿಡುವುದು. ಸೋಫಾದಲ್ಲಿ ಕುಳಿತು ಎದುರಿನ ಸ್ಟೂಲಿಗೆ ಚಾಚಿದರೆ ಸಾಲದು. ನೋಡಲು ಬಂದವರೆದುರು ಮಲಗಲು ಸಂಕೋಚಪಟ್ಟು ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂರುವವರಿದ್ದಾರೆ. ಬಂದವರೇನೂ ತಪ್ಪು ತಿಳಿಯುವುದಿಲ್ಲ, ಮಲಗಿಯೇ ಮಾತಾಡಿ. ಕುರ್ಚಿಯಲ್ಲಿ ನಮಾಝ್ ಮಾಡಿದರೆ ಮುಗಿದೊಡನೆ ಕಾಲು ಮತ್ತೆ ದಿಂಬಿನ ಮೇಲಿರಲಿ. ವುಝೂ ಮಾಡುವಾಗ ಬ್ಯಾಂಡೇಜ್ ನೆನೆಸಬೇಡಿ, ಅದರ ಮೇಲೆ ಮಸಹ್ ಸಾಕು.

ಇನ್ನು ಅಪಾಯದ ಊತ. ಪ್ಲಾಸ್ಟರ್ ಒಳಗೆ ಊತ ಹೆಚ್ಚಿದರೆ ರಕ್ತದ ಓಡಾಟಕ್ಕೇ ಅಡ್ಡಿಯಾಗುತ್ತದೆ. ಕಾಲ್ಬೆರಳಿನ ಉಗುರನ್ನು ಒತ್ತಿ ಬಿಡಿ. ಬಿಳಿಚಿದ ಉಗುರು ಸುಮಾರು 2 ಸೆಕೆಂಡಿನಲ್ಲಿ ಮತ್ತೆ ಕೆಂಪೇರಬೇಕು. ಬೆರಳು ತಣ್ಣಗಾಗಿ ನೀಲಿಗಟ್ಟಿದ್ದರೆ, ಜೋಮು ಹಿಡಿದಿದ್ದರೆ, ಮಾತ್ರೆಗೂ ಬಗ್ಗದ ನೋವಿದ್ದರೆ ಬೆಳಗಾಗಲಿ ಎಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಇಳಿಯುತ್ತಿದ್ದ ಊತ ಕೆಲವು ದಿನಗಳ ಬಳಿಕ ಮತ್ತೆ ಏರಿ, ಗಾಯದ ಸುತ್ತ ಕೆಂಪು ಹರಡಿ, ಬಿಸಿಯಾಗಿ, ಕೀವು, ದುರ್ವಾಸನೆ ಅಥವಾ 100.4 ಡಿಗ್ರಿಗಿಂತ ಹೆಚ್ಚು ಜ್ವರ ಬಂದರೆ ಅದು ಸೋಂಕು ಇರಬಹುದು. ಸಕ್ಕರೆ ಕಾಯಿಲೆಯವರಿಗೆ ನೋವೇ ತಿಳಿಯದಿರಬಹುದು. ಅಂಥವರ ಪಾದವನ್ನು ಮನೆಯವರು ದಿನಕ್ಕೆರಡು ಸಲ ಕಣ್ಣಿಂದ ನೋಡಲೇಬೇಕು.

ನನಗೆ ಹೆಚ್ಚು ಭಯ ಮೀನಖಂಡದ ಊತದ್ದು. ಓಡಾಟವಿಲ್ಲದೆ ಮಲಗಿದವರ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಪ್ಲಾಸ್ಟರ್ ಇಲ್ಲದಿದ್ದರೆ ಟೇಪಿನಿಂದ ಎರಡೂ ಮೀನಖಂಡಗಳನ್ನು ಮೊಣಕಾಲಿನಿಂದ ಒಂದೇ ದೂರದಲ್ಲಿ ಅಳೆಯಿರಿ. ಆಪರೇಷನ್ ಆದ ಕಾಲು 3 ಸೆಂಟಿಮೀಟರಿಗಿಂತ ಹೆಚ್ಚು ದಪ್ಪವಿದ್ದರೆ, ಅಥವಾ ಮುಟ್ಟಿದರೆ ನೋವಿದ್ದರೆ, ಅದೇ ದಿನ ಡಾಪ್ಲರ್ ಸ್ಕ್ಯಾನ್ ಬಗ್ಗೆ ವೈದ್ಯರಲ್ಲಿ ಕೇಳಿ. ಅಳತೆ ಸರಿಯಿದೆಯೆಂದು ನೋವನ್ನು ಕಡೆಗಣಿಸಬೇಡಿ. ಹಠಾತ್ತನೆ ಉಬ್ಬಸ, ಎದೆನೋವು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ 108ಕ್ಕೆ ಕರೆ ಮಾಡಿ. ಹೆಪ್ಪು ಶ್ವಾಸಕೋಶಕ್ಕೆ ಹೋಗಿದ್ದರೆ ನಿಮಿಷಗಳ ಲೆಕ್ಕ.

ಎಣ್ಣೆ ತಿಕ್ಕಬೇಡಿ ಎನ್ನುವುದು ಇದೇ ಕಾರಣಕ್ಕೆ. ತಿಕ್ಕಿದರೆ ಹೆಪ್ಪು ಕಿತ್ತು ಮೇಲೆ ಹೋಗಬಹುದು. ರೋಗನ್‌ಗಳನ್ನು ಬರೆದುಕೊಡುವ ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ: ಗಾಯ ಪೂರ್ತಿ ಮಾಯ್ದು, ಆಪರೇಷನ್ ಮಾಡಿದವರು ಒಪ್ಪುವವರೆಗೆ ಆ ಕಾಲಿಗೆ ಮಾಲೀಶೂ ಬೇಡ, ಹಿಜಾಮವೂ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರಂತೂ ಹಿಜಾಮದ ಯೋಚನೆಯನ್ನೇ ಬಿಡಿ.

ಆಸ್ಪತ್ರೆಗೆ ಹೋಗುವಾಗ ಡಿಸ್ಚಾರ್ಜ್ ಚೀಟಿ ಮತ್ತು ನುಂಗುತ್ತಿರುವ ಮಾತ್ರೆಗಳನ್ನು ಒಯ್ಯಿರಿ. ಯುನಾನಿ ಮದ್ದು ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಅದನ್ನೂ ತೋರಿಸಿ.