‘ಪಿಚ್ಚರ್ ಹೆಂಗೈತೆ?’: ನೋಡಿ ಬಂದವರ ಮಾತಿಗೆ ಏಕಿಷ್ಟು ಬೆಲೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಹೊಸ ಚಿತ್ರ ನೋಡಿ ಬಂದವರಿಗೆ ಎದುರಾಗುವ ಮೊದಲ ಪ್ರಶ್ನೆ ‘ಪಿಚ್ಚರ್ ಹೆಂಗೈತೆ?’. ಗಡಿಯ ಹಳ್ಳಿಗಳಲ್ಲಿ ಇದೇ ಪ್ರಶ್ನೆ ತೆಲುಗಿನಲ್ಲಿ ‘ಸಿನಿಮಾ ಎಲಾ ಉಂದಿ?’ ಎಂದು ಬರುವುದೂ ಉಂಟು. ಉತ್ತರ ಸಾಮಾನ್ಯವಾಗಿ ಒಂದೆರಡು ಮಾತಿನಲ್ಲಿ ಮುಗಿಯುತ್ತದೆ: ‘ಚೆನ್ನಾಗೈತೆ’, ‘ಪರವಾಗಿಲ್ಲ’, ‘ದುಡ್ಡು ದಂಡ’. ಆದರೆ ಕೋಟಿಗಟ್ಟಲೆ ಹಣ ಸುರಿದು ತಯಾರಿಸಿದ ಚಿತ್ರವೊಂದು ಎರಡನೆಯ ವಾರ ಕಾಣುತ್ತದೆಯೇ ಇಲ್ಲವೇ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಒಂದೆರಡು ಮಾತುಗಳೇ. ಹೀಗಿರುವಾಗ ನಾವು ನೋಡಿದ ಚಿತ್ರದ ಬಗ್ಗೆ ಇನ್ನೊಬ್ಬರಿಗೆ ಏನು ಹೇಳುತ್ತೇವೆ, ಹೇಗೆ ಹೇಳುತ್ತೇವೆ ಎಂಬುದು ಹರಟೆಯ ವಿಷಯವಾಗಿ ಮಾತ್ರ ಉಳಿಯುವುದಿಲ್ಲ.

ಗಡಿನಾಡಿನ ಪ್ರೇಕ್ಷಕ

ಪಾವಗಡ ತಾಲ್ಲೂಕು ಬಹುಪಾಲು ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದಿದೆ. ಮಧುಗಿರಿ ಮತ್ತು ಶಿರಾ ತಾಲ್ಲೂಕುಗಳಿಗೂ ಆಂಧ್ರದ ಗಡಿ ತಾಗಿಕೊಂಡಿದೆ. ಗಡಿಯಾಚೆಯ ಮಡಕಶಿರಾ, ಹಿಂದೂಪುರಗಳು 2022ರವರೆಗೆ ಅನಂತಪುರ ಜಿಲ್ಲೆಯಲ್ಲಿದ್ದು, ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ. ಅಲ್ಲಿ ಕನ್ನಡ ಮಾತನಾಡುವ ಕುಟುಂಬಗಳಿರುವಂತೆ ಇಲ್ಲಿ ತೆಲುಗು ಮನೆಮಾತಿನವರೂ ಇದ್ದಾರೆ. ಸಂತೆ, ಸಂಬಂಧ, ಜಾತ್ರೆಗಳಿಗೆ ಅಡ್ಡಿಯಾಗದ ಗಡಿ ಸಿನಿಮಾಕ್ಕೂ ಅಡ್ಡಿಯಾಗಿಲ್ಲ.

ಇಂತಹ ಕಡೆ ಕನ್ನಡ ಚಿತ್ರವು ಮತ್ತೊಂದು ಕನ್ನಡ ಚಿತ್ರದೊಡನೆ ಮಾತ್ರ ಸ್ಪರ್ಧಿಸುವುದಿಲ್ಲ. ಅದೇ ವಾರ ತೆರೆಕಂಡ ದೊಡ್ಡ ತಾರೆಯ ತೆಲುಗು ಚಿತ್ರದೊಡನೆಯೂ ಸೆಣಸಬೇಕು. ಇಲ್ಲಿನ ಪ್ರೇಕ್ಷಕನಿಗೆ ತೆಲುಗು ಅರ್ಥವಾಗುತ್ತದೆ. ಆದ್ದರಿಂದ ‘ನಮ್ಮ ಭಾಷೆಯದು, ನೋಡಿ’ ಎಂಬ ಮಾತೊಂದೇ ಅವನನ್ನು ಚಿತ್ರಮಂದಿರಕ್ಕೆ ಕರೆತರಲಾರದು. ಅವನಿಗೆ ಬೇಕಾದದ್ದು ತನ್ನಂತೆಯೇ ಹಣ ಕೊಟ್ಟು ನೋಡಿ ಬಂದ ಒಬ್ಬನ ನಂಬಿಕೆಯ ಮಾತು.

ಡಬ್ಬಿಂಗ್ ವಿಚಾರದಲ್ಲೂ ಇದೇ ಪರಿಸ್ಥಿತಿ. ದಶಕಗಳ ಕಾಲ ಕನ್ನಡ ಚಿತ್ರರಂಗ ಪರಭಾಷಾ ಚಿತ್ರಗಳ ಡಬ್ಬಿಂಗ್‌ಗೆ ಅನಧಿಕೃತ ತಡೆ ಒಡ್ಡಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಇದರ ವಿರುದ್ಧ ಆದೇಶ ನೀಡಿದ ಬಳಿಕ ಪರಿಸ್ಥಿತಿ ಬದಲಾಯಿತು. ಈಗ ದೊಡ್ಡ ತೆಲುಗು ಚಿತ್ರಗಳ ಕನ್ನಡ ಅವತರಣಿಕೆಗಳೂ ಬರುತ್ತಿವೆ. ಹಾಗಾಗಿ ‘ಯಾವುದನ್ನು ನೋಡಬೇಕು’ ಎಂಬ ಪ್ರಶ್ನೆಗೆ ‘ಯಾವ ಭಾಷೆಯಲ್ಲಿ ನೋಡಬೇಕು’ ಎಂಬ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ.

ಟೆಂಟಿನಿಂದ ಬಂದ ರೂಢಿ

ಬಾಯಿಮಾತಿನ ಪ್ರಚಾರ ಹೊಸದೇನಲ್ಲ. ಹಳೆಯ ಮೈಸೂರು ಸೀಮೆಯ ಟೂರಿಂಗ್ ಟಾಕೀಸುಗಳ ಕಾಲದಲ್ಲಿ ಗಾಡಿಗೆ ಧ್ವನಿವರ್ಧಕ ಕಟ್ಟಿ, ಕರಪತ್ರ ಹಂಚುತ್ತಾ ಹಳ್ಳಿ ಸುತ್ತುವುದು ರೂಢಿಯಾಗಿತ್ತು. ಟೆಂಟಿನಿಂದ ಘಂಟಸಾಲ ಅವರ ‘ನಮೋ ವೆಂಕಟೇಶ’ ಹಾಡು ಕೇಳಿಬಂದರೆ ಆಟ ಶುರುವಾಗುವ ಹೊತ್ತಾಯಿತು ಎಂದೇ ಅರ್ಥ. ಆದರೆ ಗಾಡಿಯ ಕೂಗು ಮೊದಲ ದಿನದ ಜನರನ್ನಷ್ಟೇ ಕರೆತರಬಲ್ಲದು. ಮರುದಿನದ ಆಟ ತುಂಬಬೇಕಾದರೆ ಮೊದಲ ದಿನ ನೋಡಿದವರು ಹೊಲದ ಬದುವಿನಲ್ಲಿ, ಅರಳಿಕಟ್ಟೆಯಲ್ಲಿ ಒಳ್ಳೆಯ ಮಾತನಾಡಬೇಕಿತ್ತು.

ಈ ಬಾಯಿಮಾತಿನ ಬಲಕ್ಕೆ ದೊಡ್ಡ ಸಾಕ್ಷಿ ಒದಗಿಸಿದವರು ಇದೇ ಸೀಮೆಯವರು ಎಂಬುದು ಗಮನಾರ್ಹ. ‘ಬಂಗಾರದ ಮನುಷ್ಯ’ ನಿರ್ದೇಶಿಸಿದ ಸಿದ್ಧಲಿಂಗಯ್ಯ ಶಿರಾ ತಾಲ್ಲೂಕಿನ ತರೂರಿನವರು. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ, ರಾಜ್‌ಕುಮಾರ್ ನಾಯಕರಾಗಿ ನಟಿಸಿ 1972ರಲ್ಲಿ ತೆರೆಕಂಡ ಈ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ಓಡಿದ್ದು ಕನ್ನಡ ಚಿತ್ರರಂಗದ ಹೆಗ್ಗಳಿಕೆ. ಚಿತ್ರ ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದವರಿದ್ದಾರೆ ಎಂಬ ಮಾತು ಇಂದಿಗೂ ಪ್ರಚಲಿತದಲ್ಲಿದೆ. ಅಷ್ಟು ದೀರ್ಘ ಕಾಲ ಜನರನ್ನು ಕರೆತರುವ ಶಕ್ತಿ ಯಾವ ಭಿತ್ತಿಪತ್ರಕ್ಕೂ ಇರಲಾರದು.

ಮೂರು ದಿನದ ಲೆಕ್ಕ

ಹಿಂದೆ ವಾರಗಟ್ಟಲೆ ಸಮಯವಿದ್ದ ಬಾಯಿಮಾತಿಗೆ ಇಂದು ಸಿಗುವುದು ಶುಕ್ರವಾರದಿಂದ ಭಾನುವಾರದವರೆಗಿನ ಮೂರು ದಿನ ಮಾತ್ರ. ಇದಕ್ಕೆ ಕಾರಣ ಪ್ರದರ್ಶನ ವ್ಯವಸ್ಥೆಯಲ್ಲಿದೆ. ರಾಜ್ಯದ ಏಕಪರದೆ ಚಿತ್ರಮಂದಿರಗಳಲ್ಲಿ ಬಹುಕಾಲದಿಂದ ವಾರದ ಬಾಡಿಗೆ ಪದ್ಧತಿ ರೂಢಿಯಲ್ಲಿದೆ. ಜನ ಬರಲಿ, ಬಿಡಲಿ, ಬಾಡಿಗೆಯ ಹೊರೆ ನಿರ್ಮಾಪಕ ಅಥವಾ ವಿತರಕನದು. ಮಲ್ಟಿಪ್ಲೆಕ್ಸ್‌ಗಳಲ್ಲಿ ಗಳಿಕೆಯನ್ನು ಪಾಲು ಮಾಡಿಕೊಳ್ಳುವ ಕ್ರಮವಿದ್ದು, ಜನರಿಲ್ಲದ ಆಟವನ್ನು ಕಿತ್ತು ಬೇರೆ ಚಿತ್ರಕ್ಕೆ ಕೊಡುವುದು ಸುಲಭ. ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ಕನ್ನಡ ಚಿತ್ರಗಳು ತೆರೆಕಾಣುತ್ತಿರುವುದರಿಂದ ಮುಂದಿನ ಶುಕ್ರವಾರಕ್ಕೆ ಸಾಲು ಸದಾ ಸಿದ್ಧವಾಗಿಯೇ ಇರುತ್ತದೆ.

ಚಿತ್ರಮಂದಿರದಲ್ಲಿ ಸದ್ದು ಮಾಡದ ಚಿತ್ರವನ್ನು ಒಟಿಟಿ ಸಂಸ್ಥೆಗಳು ಕೊಳ್ಳಲು ಹಿಂಜರಿಯುತ್ತವೆ ಎಂಬುದು ಕನ್ನಡ ನಿರ್ಮಾಪಕರ ಅಳಲು. ಹೀಗಾಗಿ ‘ಒಳ್ಳೆಯ ಚಿತ್ರವಂತೆ, ಆಮೇಲೆ ಮೊಬೈಲಿನಲ್ಲಿ ನೋಡೋಣ’ ಎಂದು ಎಲ್ಲರೂ ಕಾಯುತ್ತಾ ಕುಳಿತರೆ ಆ ‘ಆಮೇಲೆ’ ಬಾರದೇ ಹೋಗಬಹುದು.

ಸಕಾಲದಲ್ಲಿ ಬಂದ ಮೆಚ್ಚುಗೆ ಏನು ಮಾಡಬಲ್ಲದು ಎಂಬುದಕ್ಕೆ ಉದಾಹರಣೆಗಳಿವೆ. 2006ರ ಡಿಸೆಂಬರ್ ಅಂತ್ಯದಲ್ಲಿ ತೆರೆಕಂಡ ‘ಮುಂಗಾರು ಮಳೆ’ ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ವರ್ಷಕ್ಕೂ ಹೆಚ್ಚು ಕಾಲ ಓಡಿತು. 2022ರ ಸೆಪ್ಟೆಂಬರ್ 30ರಂದು ಮೊದಲು ಕನ್ನಡದಲ್ಲಷ್ಟೇ ಬಂದ ‘ಕಾಂತಾರ’, ಜನರ ಮಾತು ಹಬ್ಬಿದ ಮೇಲೆ ಅಕ್ಟೋಬರ್ ಮಧ್ಯಭಾಗದಲ್ಲಿ ಹಿಂದಿ, ತೆಲುಗು ಅವತರಣಿಕೆಗಳನ್ನು ಕಂಡಿತು. 2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’ ಚಿತ್ರತಂಡ ಬಿಡುಗಡೆಗೆ ಮುನ್ನವೇ ಟಿಕೆಟ್ ಸಹಿತ ಪ್ರದರ್ಶನಗಳನ್ನು ಏರ್ಪಡಿಸಿ, ಜಾಹೀರಾತಿಗಿಂತ ಪ್ರೇಕ್ಷಕರ ಮಾತನ್ನೇ ನಂಬಿತು. ಆ ನಂಬಿಕೆ ಹುಸಿಯಾಗಲಿಲ್ಲ.

ಅಂಕಿಗೂ ಮಾತಿಗೂ ಇರುವ ಅಂತರ

ಬಾಯಿಮಾತಿನ ಜಾಗಕ್ಕೆ ಈಗ ಅಂಕಿಗಳು ಬಂದಿವೆ. ಆದರೆ ಅಂಕಿಗಳೆಲ್ಲವೂ ಒಂದೇ ಅರ್ಥ ಕೊಡುವುದಿಲ್ಲ. ಐಎಂಡಿಬಿ ಅಂಕ ಹತ್ತಕ್ಕೆ ಇಷ್ಟು ಎಂದು ಪ್ರೇಕ್ಷಕರ ಮತಗಳ ಸರಾಸರಿಯನ್ನು ತೂಕ ಹಾಕಿ ಕೊಡುವಂಥದ್ದು. ಅಮೆರಿಕದ ರಾಟನ್ ಟೊಮೆಟೋಸ್ ಕೊಡುವ ಶೇಕಡಾವಾರು ಅಂಕಿ ಬೇರೆಯದೇ ಆದದ್ದು. ಅಲ್ಲಿ ಶೇ 90 ಎಂದರೆ ಚಿತ್ರಕ್ಕೆ ನೂರಕ್ಕೆ 90 ಅಂಕ ಬಂದಿದೆ ಎಂದಲ್ಲ. ನೂರು ವಿಮರ್ಶಕರಲ್ಲಿ 90 ಮಂದಿ ಮೆಚ್ಚಿದ್ದಾರೆ ಎಂದಷ್ಟೇ. ಎಲ್ಲರೂ ‘ಪರವಾಗಿಲ್ಲ’ ಎಂದ ಚಿತ್ರಕ್ಕೂ ಇಂತಹ ಅಂಕಿ ದೊರೆಯಬಹುದು.

ಅಭಿಮಾನಿಗಳು ಗುಂಪಾಗಿ ಪೂರ್ಣಾಂಕ ಕೊಡುವುದು, ವಿರೋಧಿ ಬಣ ಚಿತ್ರ ನೋಡದೆಯೇ ಒಂದಂಕ ಕೊಡುವುದು ಸಾಮಾನ್ಯವಾದಾಗ ವಿಷಯ ನ್ಯಾಯಾಲಯಕ್ಕೂ ಹೋಯಿತು. ಬಿಡುಗಡೆಯಾದ ಮೊದಲ ಮೂರು ದಿನ ಜಾಲತಾಣಗಳಲ್ಲಿ ವಿಮರ್ಶೆಗೆ ತಡೆ ಬೇಕೆಂದು ತಮಿಳು ನಿರ್ಮಾಪಕರ ಸಂಘವೊಂದು ಕೋರಿದಾಗ, 2024ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅದಕ್ಕೆ ಒಪ್ಪಲಿಲ್ಲ. 2025ರ ಡಿಸೆಂಬರ್‌ನಲ್ಲಿ ಕನ್ನಡದ ‘ದಿ ಡೆವಿಲ್’ ತೆರೆಕಂಡಾಗ ನ್ಯಾಯಾಲಯದ ಆದೇಶದಂತೆ ಬುಕ್‌ಮೈಶೋದಲ್ಲಿ ಆ ಚಿತ್ರದ ರೇಟಿಂಗ್ ಹಾಗೂ ಅಭಿಪ್ರಾಯಗಳನ್ನು ಸ್ಥಗಿತಗೊಳಿಸಲಾಯಿತು. ಸುಳ್ಳು ಅಂಕಗಳನ್ನು ತಡೆಯುವ ಇಂತಹ ಕ್ರಮದಿಂದ ಪ್ರಾಮಾಣಿಕ ಪ್ರೇಕ್ಷಕನ ಮಾತಿಗೂ ಬೀಗ ಬೀಳುತ್ತದೆ ಎಂಬುದು ಇಲ್ಲಿನ ಇಕ್ಕಟ್ಟು. ಬೀಗ ಹಾಕಲಾಗದ್ದು ಪರಿಚಿತರ ನಡುವಿನ ಮಾತಿಗೆ ಮಾತ್ರ. ಹೇಳಿದವನು ನಾಳೆಯೂ ಎದುರು ಸಿಗುತ್ತಾನೆ, ತಪ್ಪು ಹೇಳಿದ್ದರೆ ಕೇಳಬಹುದು ಎಂಬುದೇ ಅದರ ಬೆಲೆ.

ಶಿಫಾರಸು ಹೇಗಿದ್ದರೆ ಚೆನ್ನ

ಹಾಗಾದರೆ ಉಪಯೋಗಕ್ಕೆ ಬರುವ ಅಭಿಪ್ರಾಯ ಯಾವುದು? ‘ಸೂಪರ್’, ‘ಡಬ್ಬಾ’ ಎಂಬ ತೀರ್ಪುಗಳು ಹೇಳಿದವನ ಮನಸ್ಸನ್ನು ತಿಳಿಸುತ್ತವೆಯೇ ಹೊರತು ಚಿತ್ರವನ್ನಲ್ಲ. ಚಿತ್ರ ಏನನ್ನು ಮಾಡಲು ಹೊರಟಿದೆ ಎಂಬುದನ್ನು ಒಂದು ಮಾತಿನಲ್ಲಿ ಹೇಳಿದರೆ ಕೇಳುವವರು ತಾವೇ ತೀರ್ಮಾನಿಸಬಲ್ಲರು. ಶಿರಾ ತಾಲ್ಲೂಕಿನ ಬರಗೂರಿನವರೇ ಆದ ಬರಗೂರು ರಾಮಚಂದ್ರಪ್ಪ ಅವರ ‘ಶಾಂತಿ’ ಚಿತ್ರವನ್ನೇ ತೆಗೆದುಕೊಳ್ಳಿ. ಇಡೀ ಚಿತ್ರದಲ್ಲಿ ನಟಿ ಭಾವನಾ ಒಬ್ಬರದೇ ಪಾತ್ರ. ಅದಕ್ಕಾಗಿಯೇ ಅದು ಗಿನ್ನೆಸ್ ದಾಖಲೆಗೆ ಸೇರಿತು. ಇಷ್ಟು ಹೇಳಿದರೆ ಹೊಡೆದಾಟ ಬಯಸುವವರು ದೂರ ಉಳಿಯುತ್ತಾರೆ, ಹೊಸ ಪ್ರಯೋಗದಲ್ಲಿ ಆಸಕ್ತಿಯಿರುವವರು ಹುಡುಕಿಕೊಂಡು ಹೋಗುತ್ತಾರೆ. ಯಾರಿಗೂ ಮೋಸವಾಗುವುದಿಲ್ಲ.

ಎರಡನೆಯದಾಗಿ, ಯಾರೊಂದಿಗೆ ನೋಡಬಹುದು ಎಂಬುದನ್ನು ಹೇಳಬೇಕು. ‘ಅಮ್ಮನನ್ನು ಕರೆದುಕೊಂಡು ಹೋಗಬಹುದೇ?’ ಎಂಬ ಪ್ರಶ್ನೆಗೆ ಯಾವ ನಕ್ಷತ್ರವೂ ಉತ್ತರ ಕೊಡದು. 2024ರಿಂದ ಸೆನ್ಸಾರ್ ಮಂಡಳಿಯು ಯು/ಎ ಪ್ರಮಾಣಪತ್ರವನ್ನು 7+, 13+, 16+ ಎಂದು ಮೂರಾಗಿ ವಿಂಗಡಿಸಿರುವುದು ಪೋಷಕರಿಗೆ ನೆರವಾಗಬಲ್ಲದು. ಮೂರನೆಯದಾಗಿ, ಎರಡು ಭಾಷೆಗಳಲ್ಲಿ ಬಂದ ಚಿತ್ರವಾದರೆ ಡಬ್ಬಿಂಗ್ ಸಹಜವಾಗಿದೆಯೇ ಎಂಬುದನ್ನು ತಿಳಿಸುವುದು ಗಡಿ ಭಾಗದವರಿಗೆ ಬಹಳ ಮುಖ್ಯ. ಇನ್ನು ಕಥೆಯ ತಿರುವನ್ನು ಬಿಟ್ಟುಕೊಡಬಾರದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಖರ್ಚಿನ ಮಾತೂ ಇದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ ತೆರಿಗೆ ಹೊರತುಪಡಿಸಿ 200 ರೂಪಾಯಿ ಮಿತಿ ಹೇರಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಮಲ್ಟಿಪ್ಲೆಕ್ಸ್‌ನಲ್ಲಿ ನೋಡಬೇಕೆಂದು ಪಾವಗಡದಿಂದ ನೂರು ಕಿಲೋಮೀಟರಿಗೆ ಸಮೀಪದ ತುಮಕೂರಿಗೆ ಬರುವ ಕುಟುಂಬಕ್ಕೆ ಟಿಕೆಟ್ಟಿನ ಜೊತೆಗೆ ಬಸ್ ಚಾರ್ಜು, ಊಟ, ಒಂದು ದಿನದ ಕೂಲಿಯೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ಹಗುರವಾಗಿ ಆಡಿದ ‘ಒಂದ್ಸಲ ನೋಡಬಹುದು’ ಎಂಬ ಮಾತು ಅಲ್ಲಿಗೆ ತಲುಪುವಷ್ಟರಲ್ಲಿ ಭಾರವಾಗಿರುತ್ತದೆ.

ಆದ್ದರಿಂದ ಮುಂದಿನ ಭಾನುವಾರ ಊರಿನಿಂದ ಕರೆ ಬಂದು ‘ಪಿಚ್ಚರ್ ಹೆಂಗೈತೆ?’ ಎಂದು ಕೇಳಿದರೆ, ಉತ್ತರಕ್ಕೆ ಇನ್ನೆರಡು ನಿಮಿಷ ಕೊಡುವುದು ಒಳ್ಳೆಯದು. ಆ ಎರಡು ನಿಮಿಷದಲ್ಲಿ ಒಂದು ಮನೆಯ ಹಣ ಉಳಿಯಬಹುದು. ಇಲ್ಲವೇ ಒಂದು ಒಳ್ಳೆಯ ಕನ್ನಡ ಚಿತ್ರಕ್ಕೆ ಎರಡನೆಯ ವಾರ ದಕ್ಕಬಹುದು.